ಬದುವಿನ ಬೆಂಕಿಗೂ ಪಹಣಿ ಇದೆ

ಮೈಲಾರದ ಕಾರಣಿಕ ಮುಗಿದು, ಕೊಟ್ಟೂರಿನ ತೇರು ಎಳೆದಾದ ಮೇಲೆ ನಮ್ಮ ಕಡೆ ಬೆಂಕಿಯ ಹಂಗಾಮು ಶುರುವಾಗುತ್ತದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ, ಈ ಐದು ತಾಲ್ಲೂಕುಗಳಲ್ಲಿ ಯಾವ ದಾರಿ ಹಿಡಿದು ಹೋದರೂ ಕರಿ ಬಿದ್ದ ಬದುಗಳು, ಅರ್ಧ ಬೆಂದ ಕತ್ತಾಳೆ, ಬುಡ ಸುಟ್ಟ ಬೇವು ಕಣ್ಣಿಗೆ ಬೀಳುತ್ತವೆ. ಒಂದು ಹೊಲದಲ್ಲಿ ಹುಟ್ಟಿದ ಬೆಂಕಿ ಬದು ಹತ್ತಿ, ಪಕ್ಕದವನ ಬೇಲಿ ತಿಂದು, ಮೂರನೆಯವನ ಬಣವೆಯ ತನಕ ಹೋಗುತ್ತದೆ. ಆರಿದ ಮೇಲೆ ಊರ ಕಟ್ಟೆಯಲ್ಲಿ ನಾಲ್ಕು ಮಂದಿ ಕೂತು ತೀರ್ಪು ಹೇಳುತ್ತಾರೆ: "ಬೆಂಕಿಗೇನು ಕಣ್ಣೈತಾ? ಗಾಳಿ ಬಂತು, ಹೋತು. ಯಾರ ಬೇಲಿ ಸುಟ್ಟೈತೋ ಅವ್ರೇ ಹಾಕ್ಕೋಬೇಕು."

ಈ ತೀರ್ಪಿಗೆ ವಯಸ್ಸಾಗಿದೆ, ಮರ್ಯಾದೆಯೂ ಇದೆ. ಹಿರಿಯರು ಹೇಳುತ್ತಾರೆ, ಅಧಿಕಾರಿಗಳು ತಲೆಯಾಡಿಸುತ್ತಾರೆ, ದೂರು ಹೊತ್ತು ಹೋದವನಿಗೆ "ನಿಮ್ಮ ನಿಮ್ಮಲ್ಲೇ ಬಗೆಹರಿಸಿಕೊಳ್ಳಿ" ಎಂಬ ಬುದ್ಧಿಮಾತು ಸಿಗುತ್ತದೆ. ಬೇಲಿ ಕಳೆದುಕೊಂಡವನು ಒಂದೆರಡು ದಿನ ಬೈದಾಡಿ ಕೊನೆಗೆ ತಾನೂ ಒಪ್ಪಿಕೊಳ್ಳುತ್ತಾನೆ. ಯಾಕೆಂದರೆ ಮುಂದಿನ ವರ್ಷ ಅವನೂ ಸುಡುವವನೇ. ಎಲ್ಲರೂ ಒಪ್ಪಿದ್ದಾರೆ ಎಂಬ ಒಂದೇ ಕಾರಣಕ್ಕೆ ಈ ತೀರ್ಪು ಸರಿಯಾಗುವುದಿಲ್ಲ. ನನ್ನ ವಾದ ಇಷ್ಟು: ಬೆಂಕಿ ಯಾವ ಹೊಲದಿಂದ ಆಚೆ ದಾಟಿತೋ ಆ ಹೊಲದ ಪಹಣಿಯಲ್ಲಿ ಹೆಸರಿರುವವರು ಸುಟ್ಟ ಬೇಲಿಗೆ ಉತ್ತರ ಕೊಡಬೇಕು. ಎಲ್ಲಿಂದ ಬಂತೆಂದು ತಿಳಿಯದೇ ಹೋದರೆ ಎರಡು ಹೊಲಗಳ ನಡುವಿನ ಬೇಲಿಯನ್ನು ಇಬ್ಬರೂ ಅರ್ಧರ್ಧ ಖರ್ಚು ಹಾಕಿ ನಿಲ್ಲಿಸಬೇಕು. ಆಚೆಯ ಒಡೆಯ ಅರಣ್ಯ ಇಲಾಖೆಯಾಗಿದ್ದರೂ ಈ ಲೆಕ್ಕ ಬದಲಾಗಬಾರದು.

ಮೊದಲು ಗಾಳಿಯ ಮಾತು. "ಗಾಳಿ ಬಂತು" ಎನ್ನುವವರು ಗಾಳಿಯನ್ನು ಅಪರಿಚಿತ ಎಂಬಂತೆ ಮಾತಾಡುತ್ತಾರೆ. ಹರಪನಹಳ್ಳಿ, ಹಡಗಲಿಯ ಗುಡ್ಡಗಳ ಮೇಲೆ ಕಂಪನಿಗಳು ಗಾಳಿಯಂತ್ರ ನೆಟ್ಟು ಕರೆಂಟು ತೆಗೆಯುತ್ತಿವೆ. ಅಷ್ಟು ಗಾಳಿ ಇರುವ ಸೀಮೆಯಲ್ಲಿ ಹುಟ್ಟಿ ಬೆಳೆದ ರೈತನಿಗೆ ಮಧ್ಯಾಹ್ನದ ಗಾಳಿ ಯಾವ ದಿಕ್ಕಿಗೆ ಹೊಡೆಯುತ್ತದೆ, ಇಳಿಹೊತ್ತಿನಲ್ಲಿ ಎಷ್ಟು ಇಳಿಯುತ್ತದೆ ಎಂಬುದು ಗೊತ್ತಿಲ್ಲವೆ? ಕಣದಲ್ಲಿ ರಾಶಿ ತೂರುವಾಗ ಇದೇ ಗಾಳಿಯನ್ನು ಅವನು ಕರಾರುವಾಕ್ಕಾಗಿ ಲೆಕ್ಕ ಹಾಕುತ್ತಾನೆ. ಕಾಳು ತೂರುವಾಗ ಗೊತ್ತಿರುವ ಗಾಳಿ ಕಡ್ಡಿ ಗೀರುವಾಗ ಮರೆತುಹೋಯಿತು ಎಂದರೆ ನಂಬುವುದು ಕಷ್ಟ. ಗಾಳಿ ಬರುತ್ತದೆ ಎಂದು ಬಲ್ಲವನು ಬೆಂಕಿ ಹಚ್ಚಿದರೆ, ಬೆಂಕಿ ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಬಲ್ಲವನೇ ಆಗಿರುತ್ತಾನೆ.

ಇನ್ನು ದೈವದ ಮಾತು. ತಾನಾಗಿಯೇ ಬೆಂಕಿ ಹುಟ್ಟುವುದಕ್ಕೆ ಸಿಡಿಲು ಬೇಕು. ನಮ್ಮಲ್ಲಿ ಸಿಡಿಲು ಬರುವುದು ಏಪ್ರಿಲ್, ಮೇ ತಿಂಗಳ ಅಡ್ಡಮಳೆಯ ಜೊತೆ. ಫೆಬ್ರವರಿ, ಮಾರ್ಚಿನ ಆಕಾಶದಲ್ಲಿ ಮೋಡದ ಚೂರೂ ಇರುವುದಿಲ್ಲ. ಬಿದಿರಿಗೆ ಬಿದಿರು ಉಜ್ಜಿ ಕಿಡಿ ಹುಟ್ಟಿತು ಎಂದು ಮಲೆನಾಡಿನವರು ಹೇಳಿದರೆ ಕೇಳಿಸಿಕೊಳ್ಳಬಹುದು. ಕಾರೆ, ಬಂದರಿಕೆ, ತಂಗಡಿಯ ಕುರುಚಲು ಗುಡ್ಡಗಳಲ್ಲಿ ಏನಕ್ಕೆ ಏನು ಉಜ್ಜಬೇಕು? ನಮ್ಮ ಬೇಸಿಗೆಯ ಬೆಂಕಿಗೆ ಕೈ ಇದೆ. ಬೆಳೆವಿಮೆಯವರಿಗೂ ಇದು ಗೊತ್ತು. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆ ಸಿಡಿಲಿನಂಥ ನೈಸರ್ಗಿಕ ಬೆಂಕಿಯನ್ನು ಒಳಗೆ ಸೇರಿಸಿಕೊಂಡು, ಮನುಷ್ಯ ಹಚ್ಚಿದ ಬೆಂಕಿಯನ್ನು ಹೊರಗೆ ಇಟ್ಟಿದೆ. ಕಟ್ಟೆಯವರು ಇದನ್ನು ದೇವರ ಆಟ ಎನ್ನುತ್ತಾರೆ, ವಿಮೆಯವರು ನಿಮ್ಮವರದೇ ಆಟ ಎನ್ನುತ್ತಾರೆ. ಇವೆರಡರ ನಡುವೆ ಬೇಲಿ ಕಳೆದುಕೊಂಡವನು ನಿಂತಿರುತ್ತಾನೆ, ಅಲ್ಲಿಯೂ ಇಲ್ಲ, ಇಲ್ಲಿಯೂ ಇಲ್ಲ.

ಕೈ ಇದೆ ಎಂದು ಒಪ್ಪಿಸಿದರೆ ಮುಂದಿನ ಪ್ರಶ್ನೆ: ಯಾರ ಕೈ? ಆಗ ಬರುವ ಉತ್ತರಗಳು ಒಂದು ತಮಾಷೆ. ಕುರಿಯವರು ಹಚ್ಚಿದರು, ದಾರಿಹೋಕ ಬೀಡಿ ಎಸೆದ, ಜೇನು ಕೀಳುವವರು ಬಂದಿದ್ದರು, ಹುಡುಗರು ಆಟ ಆಡಿದರು. ಅಂದರೆ ಹೊಲದವನೊಬ್ಬನನ್ನು ಬಿಟ್ಟು ಲೋಕವೆಲ್ಲ ಆರೋಪಿ. ಕುರಿಗಾಹಿ ಗುಡ್ಡಕ್ಕೆ ಬೆಂಕಿ ಇಟ್ಟದ್ದು ಉಂಟು, ಹೊಸ ಹುಲ್ಲು ಬರಲಿ ಎಂಬ ಆಸೆಗೆ. ಹೆದ್ದಾರಿಯ ಅಂಚಿನ ಹುಲ್ಲಿಗೆ ಬೀಡಿ ತುಂಡು ಬಿದ್ದದ್ದೂ ಉಂಟು. ಆದರೆ ಊರಿಂದ ಎರಡು ಮೈಲಿ ಒಳಗಿನ ಮೆಕ್ಕೆಜೋಳದ ಹೊಲದಲ್ಲಿ, ದಂಟು ಕಡಿದು ಸಾಲಾಗಿ ಎಳೆದು ಹಾಕಿದ ಜಾಗದಲ್ಲೇ ಹುಟ್ಟಿದ ಬೆಂಕಿಗೆ ಬೀಡಿಯವನನ್ನು ಹುಡುಕುವುದು ಬೇಡ. ಆ ದಂಟನ್ನು ಸಾಲಾಗಿ ಎಳೆದವನ ಉದ್ದೇಶವೇ ಸುಡುವುದು. ಕುರಿಗಾಹಿಯ ಮೇಲೆ ಹಾಕಿದರೆ ಅನುಕೂಲವೇನೆಂದರೆ, ಅವನು ಆ ಹೊತ್ತಿಗೆ ಮುಂದಿನ ತಾಲ್ಲೂಕು ಮುಟ್ಟಿರುತ್ತಾನೆ, ಬಂದು ಇಲ್ಲ ಎನ್ನುವುದಿಲ್ಲ.

"ನಮ್ಮ ಅಪ್ಪ, ತಾತನ ಕಾಲದಿಂದ ಸುಡುತ್ತ ಬಂದಿದ್ದೇವೆ" ಎನ್ನುವ ಮಾತು ಇನ್ನೂ ಸುಳ್ಳು. ತಾತನ ಕಾಲದಲ್ಲಿ ಈ ಹೊಲಗಳಲ್ಲಿ ಇದ್ದದ್ದು ಜೋಳ, ಸಜ್ಜೆ, ನವಣೆ, ಶೇಂಗಾ. ಜೋಳದ ಸೊಪ್ಪೆಯನ್ನು ಸುಟ್ಟವನನ್ನು ಊರು ಹುಚ್ಚನೆಂದು ಕರೆಯುತ್ತಿತ್ತು. ಸೊಪ್ಪೆ ಎತ್ತಿನ ಅನ್ನ. ಶೇಂಗಾ ಹೊಟ್ಟಂತೂ ಬಣವೆಗೆ ಹೋಗುತ್ತಿತ್ತು. ಮೆಕ್ಕೆಜೋಳ ಹೊಲ ತುಂಬಿತು, ಎತ್ತು ಹೋಗಿ ಟ್ರ್ಯಾಕ್ಟರ್ ಬಂತು, ದಂಟು ಮೇವಾಗುವ ಬದಲು ಕಸವಾಯಿತು. ಕಸಕ್ಕೆ ಬೆಂಕಿ ಹಚ್ಚುವುದು ಈಚಿನ ಸುಲಭೋಪಾಯ. ಅದಕ್ಕೆ ತಾತನ ಸಹಿ ಹಾಕಿಸಬೇಡಿ. ನಿಜವಾಗಿ ಹಳೆಯದನ್ನೇ ಕೇಳುವುದಾದರೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಹುಲ್ಲುಗಾವಲು, ಹೊಲ, ಕಣ, ಮನೆ, ಕಾಡಿಗೆ ಬೆಂಕಿ ಇಟ್ಟವನನ್ನು ಬೆಂಕಿಯಲ್ಲೇ ಸುಡಬೇಕೆಂಬ ವಿಧಿ ಇದೆ. ಪರಂಪರೆಯನ್ನು ಎತ್ತಿ ಹಿಡಿಯುವವರು ಅಲ್ಲಿಯ ತನಕ ಹೋಗಲು ತಯಾರಿದ್ದಾರೆಯೆ? ನನಗೆ ಅಷ್ಟೆಲ್ಲ ಬೇಡ. ಕಂಬ, ತಂತಿಯ ದುಡ್ಡು ಕೊಟ್ಟರೆ ಸಾಕು.

"ಮುಳ್ಳು ಬೇಲಿಗೆ ಎಂಥ ಬೆಲೆ?" ಎಂದು ನಗುವವರಿದ್ದಾರೆ. ಒಂದು ಬೇಲಿಯ ಹತ್ತಿರ ಹೋಗಿ ನೋಡೋಣ. ನಾಲ್ಕು ಎಕರೆಯ ಚೌಕ ಹೊಲ, ಅದರ ಒಂದು ಮಗ್ಗುಲು ಸುಮಾರು 417 ಅಡಿ. ಎಂಟು ಅಡಿಗೊಂದು ಕಲ್ಲುಕಂಬ ಎಂದರೆ 50ಕ್ಕೂ ಹೆಚ್ಚು ಕಂಬ. ನಾಲ್ಕು ಎಳೆ ಮುಳ್ಳುತಂತಿ ಎಂದರೆ ಅರ್ಧ ಕಿಲೋಮೀಟರಿಗೂ ಮಿಗಿಲು. ಕಂಬದ ಬುಡಕ್ಕೆ ಹಂದಿ ನುಗ್ಗದಂತೆ ಜಾಲಿಮುಳ್ಳು ತುಳಿದು ಕೂರಿಸಿರುತ್ತಾರೆ. ಬೇಲಿಗುಂಟ ಡ್ರಿಪ್ಪಿನ ಕರಿ ಪೈಪು. ಇಷ್ಟೂ ಒಂದೇ ಮಗ್ಗುಲಿನ ಲೆಕ್ಕ. ಬೆಂಕಿ ಹೋದ ಮೇಲೆ ಪೈಪು ಮೇಣದಂತೆ ಕರಗಿ ಮಣ್ಣಿಗೆ ಅಂಟಿರುತ್ತದೆ. ತಂತಿ ದೂರದಿಂದ ಚೆನ್ನಾಗಿಯೇ ಕಾಣುತ್ತದೆ. ಆದರೆ ತಂತಿಗೆ ಬಳಿದ ಸತು ಸುಮಾರು 420 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ. ಸತು ಹೋದ ತಂತಿ ಮುಂದಿನ ಮಳೆಗಾಲದಲ್ಲಿ ತುಕ್ಕು ಹಿಡಿದು, ಬೆರಳಲ್ಲಿ ಬಾಗಿಸಿದರೆ ಮುರಿಯುವಂತಾಗುತ್ತದೆ.

ಕಲ್ಲುಕಂಬಕ್ಕೆ ಬೆಂಕಿ ಏನು ಮಾಡೀತು ಎನ್ನುವವರು ನಮ್ಮ ಕಲ್ಲು ಒಡೆಯುವ ಭೋವಿ ಜನರನ್ನು ಕೇಳಲಿ. ಬಂಡೆಯ ಮೇಲೆ ಸೌದೆ ಪೇರಿಸಿ ಬೆಂಕಿ ಹಾಕಿ, ಕಾದ ಕಲ್ಲನ್ನು ಹಪ್ಪಳದಂತೆ ಎಬ್ಬಿಸಿ ಚಪ್ಪಡಿ ತೆಗೆಯುತ್ತಿದ್ದ ವಿದ್ಯೆ ಅವರದು. ಕಲ್ಲಿನೊಳಗಿನ ಬಿಳಿಯ ಹರಳು ಕಾವಿಗೆ ಉಬ್ಬುತ್ತದೆ, ಕಲ್ಲು ಒಳಗೊಳಗೇ ಬಿರಿಯುತ್ತದೆ. ಸುಟ್ಟ ಕಂಬ ಆ ದಿನ ನಿಂತೇ ಇರುತ್ತದೆ. ಎಮ್ಮೆಯೊಂದು ಮೈ ಉಜ್ಜಿದ ದಿನ ನೆಲಕ್ಕೆ ಬರುತ್ತದೆ. ಆಗ ಬೆಂಕಿಯ ಮಾತು ಯಾರಿಗೂ ನೆನಪಿರುವುದಿಲ್ಲ, ಎಮ್ಮೆಗೆ ಪೆಟ್ಟು ಬೀಳುತ್ತದೆ.

ಬೇಲಿಯ ಜೊತೆ ಹೋಗುವುದು ಬೇರೆಯೂ ಇದೆ. ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ಬದುವಿನ ಮೇಲೆ ಹೊಂಗೆ, ಬೇವು, ಹೆಬ್ಬೇವು ನೆಟ್ಟ ರೈತನಿಗೆ ಅರಣ್ಯ ಇಲಾಖೆ ಹಣ ಕೊಡುವುದು ನೆಟ್ಟ ಸಸಿಗೆ ಅಲ್ಲ, ಬದುಕಿದ ಸಸಿಗೆ. ಮೂರು ವರ್ಷಕ್ಕೆ ಒಟ್ಟು 125 ರೂಪಾಯಿ. ಮೂರನೇ ಬೇಸಿಗೆಯಲ್ಲಿ ಪಕ್ಕದವನು ಹಚ್ಚಿದ ಬೆಂಕಿಗೆ ಸಸಿ ಸತ್ತರೆ ಇಲಾಖೆಯ ಲೆಕ್ಕದಲ್ಲಿ ಅದು ಬದುಕಿಲ್ಲದ ಸಸಿ, ಅಷ್ಟೇ. ಹಡಗಲಿಯ ಮಲ್ಲಿಗೆ ತೋಟದವರಿಗೆ, ಹಗರಿಬೊಮ್ಮನಹಳ್ಳಿಯ ದಾಳಿಂಬೆಯವರಿಗೆ, ಹರಪನಹಳ್ಳಿಯ ಹೊಸ ಅಡಿಕೆ ತೋಟದವರಿಗೆ ಬೇಲಿ ಎಂದರೆ ಅಲಂಕಾರವಲ್ಲ. ಗುಡೇಕೋಟೆ ಸುತ್ತಿನಲ್ಲಿ ಶೇಂಗಾ ಹೊಲಕ್ಕೆ ಕರಡಿ, ಹಂದಿ ಇಳಿಯುವ ರಾತ್ರಿಗಳಲ್ಲಿ ಬೇಲಿ ಇಲ್ಲದವನು ಮಂಚಿಕೆ ಹತ್ತಿ ಕೂರಬೇಕು. ಬೇಲಿ ಸುಟ್ಟುಹೋದವನು ಕಳೆದುಕೊಳ್ಳುವುದು ತಂತಿಯ ಜೊತೆಗೆ ನಿದ್ದೆಯನ್ನೂ.

ಈಗ ಹೊಣೆಯ ಮಾತಿಗೆ ಬರೋಣ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಸೀಮೆ ನಮ್ಮದು. ಥಾಮಸ್ ಮನ್ರೋ ಕಲೆಕ್ಟರಾಗಿ ಬಂದು ಹೊಲ ಹೊಲ ಅಳೆಸಿ, ಪ್ರತಿ ಹೊಲಕ್ಕೂ ಒಬ್ಬ ರೈತನ ಹೆಸರು ಹಚ್ಚಿಸಿದ. ಕಿಸ್ತಿಗೆ ಇವನೇ ಜವಾಬು. ರೈತವಾರಿ ಎಂದು ಲೋಕಕ್ಕೆ ಗೊತ್ತಾದ ಪದ್ಧತಿಯ ಗರಡಿಮನೆಗಳಲ್ಲಿ ಬಳ್ಳಾರಿ ಸೀಮೆಯೂ ಒಂದು. 1953ರಲ್ಲಿ ನಾವು ಮದ್ರಾಸ್ ಬಿಟ್ಟು ಮೈಸೂರಿಗೆ ಸೇರಿದೆವು. ಹರಪನಹಳ್ಳಿಯಂತೂ 1997ರಲ್ಲಿ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆಗಳು ಬದಲಾದವು, ಹೊಲಕ್ಕೊಬ್ಬ ಹೆಸರಿನವನು ಎಂಬ ಕಟ್ಟಳೆ ಬದಲಾಗಲಿಲ್ಲ. ಕರ್ನಾಟಕ ಭೂಕಂದಾಯ ಕಾಯ್ದೆ 1964 ಇನ್ನೂ ಸ್ಪಷ್ಟ: ತನ್ನ ಹಿಡುವಳಿಯ ಎಲ್ಲೆಯ ಗುರುತುಗಳನ್ನು ಸುಸ್ಥಿತಿಯಲ್ಲಿಡುವ ಹೊಣೆ ಭೂ ಹಿಡುವಳಿದಾರನದು, ಹಾಳಾದರೆ ಸರಿಪಡಿಸಿದ ಖರ್ಚೂ ಅವನದು. ಬಾಂದುಕಲ್ಲಿಗೆ ಹೊಣೆ ಇದ್ದವನಿಗೆ ಆ ಕಲ್ಲಿನ ಮಗ್ಗುಲಲ್ಲಿ ಹಚ್ಚಿದ ಬೆಂಕಿಗೆ ಹೊಣೆ ಇಲ್ಲ ಎನ್ನುವುದು ಎಲ್ಲಿಯ ನ್ಯಾಯ?

ಪಹಣಿಯಲ್ಲಿ ಹೆಸರಿದ್ದರೆ ಏನೇನು ಬರುತ್ತದೆ ನೋಡಿ. ಬೆಳೆಸಾಲ ಬರುತ್ತದೆ, ಬೆಳೆ ಪರಿಹಾರ ಬರುತ್ತದೆ, ರಸಗೊಬ್ಬರ ಬರುತ್ತದೆ, ರಸ್ತೆಗೆ ಜಮೀನು ಹೋದರೆ ಲಕ್ಷಗಟ್ಟಲೆ ಹಣ ಬರುತ್ತದೆ. ಒಂದು ಗೇಣು ಒತ್ತುವರಿಯಾದರೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಸರ್ವೇದವರನ್ನು ಕರೆಸಿ, ಸರಪಳಿ ಹಿಡಿಸಿ, ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತುತ್ತಾರೆ. ಅಷ್ಟೊಂದು ಒಡೆತನದ ಹೊಲ, ಬೆಂಕಿ ಹೊತ್ತಿಕೊಂಡ ಗಳಿಗೆಗೆ ಮಾತ್ರ ಅನಾಥ. ಬರುವುದಕ್ಕೆಲ್ಲ ವಾರಸುದಾರ ಇದ್ದಾನೆ, ಹೋಗುವುದಕ್ಕೆ ಇಲ್ಲ. ಇಂಥ ಅರ್ಧ ಒಡೆತನವನ್ನು ಯಾವ ಕಾನೂನೂ ಕೊಟ್ಟಿಲ್ಲ, ಊರ ಕಟ್ಟೆ ಕೊಟ್ಟಿದೆ.

ಕಾನೂನು ಇಲ್ಲಿ ಮೂಕವಾಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 287ನೇ ಕಲಮು, ಬೆಂಕಿಯ ವಿಷಯದಲ್ಲಿ ಅಜಾಗರೂಕನಾಗಿ ಇನ್ನೊಬ್ಬರಿಗೆ ಹಾನಿ ತರುವಂತೆ ನಡೆದುಕೊಂಡವನಿಗೆ ಆರು ತಿಂಗಳ ತನಕ ಸೆರೆ ಅಥವಾ 2,000 ರೂಪಾಯಿ ತನಕ ದಂಡ ಅಥವಾ ಎರಡನ್ನೂ ಹೇಳುತ್ತದೆ. ಬೇಕೆಂದೇ ಬೆಂಕಿ ಇಟ್ಟು ಆಸ್ತಿ, ಫಸಲು ಹಾಳು ಮಾಡಿದವನಿಗೆ 326ನೇ ಕಲಮಿನಡಿ ಏಳು ವರ್ಷದ ತನಕ ಸೆರೆ. ಇವು ಶಿಕ್ಷೆಯ ಮಾತು. ನಷ್ಟ ತುಂಬಿಸಿಕೊಳ್ಳಲು ಸಿವಿಲ್ ದಾವೆ ಬೇರೆ ಇದೆ. 1868ರ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಮೊಕದ್ದಮೆಯಿಂದ ನ್ಯಾಯಾಲಯಗಳು ಬಲ್ಲ ತತ್ವವೊಂದಿದೆ: ಹೊರಗೆ ಹೋದರೆ ಹಾನಿ ಮಾಡುವಂಥದ್ದನ್ನು ತನ್ನ ನೆಲಕ್ಕೆ ತಂದಿಟ್ಟುಕೊಂಡವನು ಅದು ಹೊರಗೆ ಹೋಗದಂತೆ ನೋಡಿಕೊಳ್ಳಬೇಕು, ಹೋದರೆ, ತಪ್ಪು ತನ್ನದಲ್ಲ ಎಂದರೂ ನಷ್ಟ ತುಂಬಬೇಕು.

ಇದಕ್ಕೆ ಎದುರಾಗಿ ಬಲ್ಲವರು ಒಂದು ಹಳೆಯ ತೀರ್ಪನ್ನು ತೋರಿಸಬಹುದು. ಮದ್ರಾಸ್ ಪ್ರಾಂತ್ಯದಲ್ಲಿ ಜಮೀನ್ದಾರನೊಬ್ಬನ ಕೆರೆಗಳು ದೊಡ್ಡ ಮಳೆಗೆ ಒಡೆದು ರೈಲ್ವೆ ಕಂಪನಿಯ ದಾರಿ, ಸೇತುವೆ ಕೊಚ್ಚಿಹೋದವು. 1874ರಲ್ಲಿ ಪ್ರಿವಿ ಕೌನ್ಸಿಲ್ ಜಮೀನ್ದಾರ ಹೊಣೆಗಾರನಲ್ಲ ಎಂದಿತು. ಹಾಗಾದರೆ ಬೆಂಕಿಯೂ ಒಕ್ಕಲುತನದ ಭಾಗ, ಅದಕ್ಕೂ ಇದೇ ಮಾಫಿ ಸಲ್ಲಬೇಕಲ್ಲವೆ? ಸಲ್ಲದು. ಕೆರೆ ಪ್ರಾಚೀನ ಕಾಲದಿಂದ ಇದೆ, ಸಾವಿರಾರು ಜನರ ಬದುಕು ಅದರ ಮೇಲಿದೆ, ಅದನ್ನು ಕಾಪಾಡುವುದು ಜಮೀನ್ದಾರನ ಕರ್ತವ್ಯ, ಆ ಕರ್ತವ್ಯದಲ್ಲಿ ಅವನು ಅಲಕ್ಷ್ಯ ಮಾಡಿರಲಿಲ್ಲ ಎಂಬುದು ಆ ತೀರ್ಪಿನ ತಿರುಳು. ನಮ್ಮ ಮೆಕ್ಕೆಜೋಳದ ದಂಟಿನ ಬೆಂಕಿಯಿಂದ ಯಾವ ಊರಿನ ಬದುಕು ನಡೆಯುತ್ತದೆ? ಅದನ್ನು ಹಚ್ಚುವ ಕರ್ತವ್ಯ ಯಾರಿಗಿದೆ? ಒಬ್ಬನ ಎರಡು ದಿನದ ಕೂಲಿ ಉಳಿಯುತ್ತದೆ, ಅಷ್ಟೇ. ಆ ಉಳಿತಾಯದ ಬಿಲ್ಲನ್ನು ಪಕ್ಕದವನಿಗೆ ಕಳಿಸುವುದನ್ನು ಪ್ರಿವಿ ಕೌನ್ಸಿಲ್ ಎಂದೂ ಒಪ್ಪಿರಲಿಲ್ಲ.

"ಸರ್ಕಾರ ಪರಿಹಾರ ಕೊಡಲಿ, ಅಕ್ಕಪಕ್ಕದವರು ಯಾಕೆ ಕಚ್ಚಾಡಬೇಕು" ಎಂಬುದು ಇನ್ನೊಂದು ಜನಪ್ರಿಯ ಉಪಾಯ. ಕೇಳಲು ಸೊಗಸು. ವಿಪತ್ತು ಪರಿಹಾರ ನಿಧಿಯ ಪಟ್ಟಿಯಲ್ಲಿ ಬೆಂಕಿಯ ಹೆಸರು ಇರುವುದು ನಿಜ. ಆದರೆ 2022ರಿಂದ 2026ರ ಮಾನದಂಡದಲ್ಲಿ ಬೆಳೆಗೆ ಸಿಗುವುದು ಮಳೆಯಾಶ್ರಿತ ಹೆಕ್ಟೇರಿಗೆ 8,500, ನೀರಾವರಿಗೆ 17,000, ಬಹುವಾರ್ಷಿಕ ಬೆಳೆಗೆ 22,500 ರೂಪಾಯಿ. ಅದೂ ನೂರಕ್ಕೆ 33ರಷ್ಟು ಬೆಳೆ ಹಾಳಾಗಿರಬೇಕು, ಎರಡು ಹೆಕ್ಟೇರು ಮೀರಬಾರದು. ಬೇಲಿ ಎಂಬ ಬಾಬ್ತು ಅದರಲ್ಲಿಲ್ಲ. ಇರಲಿ ಎಂದು ನಾನು ಕೇಳುವುದೂ ಇಲ್ಲ. ಒಬ್ಬನ ಅಲಕ್ಷ್ಯಕ್ಕೆ ಎಲ್ಲರ ತೆರಿಗೆ ಯಾಕೆ ಹೋಗಬೇಕು? ಸರ್ಕಾರ ಕೊಡುತ್ತದೆ ಎಂದಾದರೆ ಸುಡುವವನ ಕೈಗೆ ಇನ್ನೊಂದು ಕಡ್ಡಿಪೆಟ್ಟಿಗೆ ಕೊಟ್ಟಂತೆಯೇ.

ಬಡವರ ಪರವಾಗಿ ಮಾತಾಡುವವರ ಆಕ್ಷೇಪಕ್ಕೆ ನಾನು ಕಿವಿಗೊಡುತ್ತೇನೆ. ಕೂಡ್ಲಿಗಿ, ಹರಪನಹಳ್ಳಿ ಗುಳೆ ಹೋಗುವ ತಾಲ್ಲೂಕುಗಳು. ಹೊಲವನ್ನು ಕೋರಿಗೋ ಗುತ್ತಿಗೆಗೋ ಬಿಟ್ಟು, ಇಲ್ಲವೇ ಬೀಳು ಬಿಟ್ಟು ಕುಟುಂಬವೇ ಬೆಂಗಳೂರಿಗೋ ಕಾಫಿ ತೋಟಕ್ಕೋ ಹೋಗಿರುತ್ತದೆ. ಅಂಥವರ ಮೇಲೆ ಹೊಣೆ ಹೊರಿಸುವುದು ಕ್ರೂರವಲ್ಲವೆ ಎಂದು ಕೇಳುತ್ತಾರೆ. ಎರಡು ಉತ್ತರ. ಒಂದು, ಬೇಲಿ ಕಳೆದುಕೊಂಡವನೂ ಸಾಮಾನ್ಯವಾಗಿ ಬಡವನೇ. ಸಾಲ ಮಾಡಿ ಬೇಲಿ ಹಾಕಿದ್ದನೆಂಬ ಕಾರಣಕ್ಕೆ ಅವನು ಸಾಹುಕಾರನಾಗುವುದಿಲ್ಲ. ಎರಡು, 1974ರ ಭೂಸುಧಾರಣೆಯ ನಂತರ ಗೇಣಿ ನಿಷಿದ್ಧ. ಆದ್ದರಿಂದ ಇಂದಿನ ಗುತ್ತಿಗೆಗಳೆಲ್ಲ ಬಾಯಿಮಾತಿನವು, ಕಾಗದದಲ್ಲಿ ಗುತ್ತಿಗೆದಾರ ಎಂಬ ಮನುಷ್ಯನೇ ಇಲ್ಲ. ಒಡೆಯ "ಗುತ್ತಿಗೆಯವನು ಹಚ್ಚಿದ" ಎನ್ನುತ್ತಾನೆ, ಗುತ್ತಿಗೆಯವನು "ಹೊಲ ನಂದಲ್ಲ" ಎನ್ನುತ್ತಾನೆ. ಈ ಕಣ್ಣುಮುಚ್ಚಾಲೆ ನಿಲ್ಲಬೇಕಾದರೆ ಪಹಣಿಯವನು ಮೊದಲು ಉತ್ತರ ಕೊಡಬೇಕು, ಆಮೇಲೆ ಗುತ್ತಿಗೆಯವನ ಹತ್ತಿರ ತನ್ನ ಲೆಕ್ಕ ಚುಕ್ತಾ ಮಾಡಿಕೊಳ್ಳಬೇಕು. ಬೀಳು ಹೊಲದವನು ಊರಲ್ಲಿ ಇಲ್ಲದಿರಬಹುದು. ಅವನ ಸೊಂಟದೆತ್ತರದ ಒಣಹುಲ್ಲು ಊರಲ್ಲೇ ಇದೆ. ಹೋಗುವ ಮೊದಲು ಬದುಗುಂಟ ನಾಲ್ಕು ಸಾಲು ಕುಂಟೆ ಹೊಡೆಸಿ ಹೋಗುವುದು ಅಂಥ ದೊಡ್ಡ ಖರ್ಚಲ್ಲ. ಕೈಲಾಗದವನಿಗೆ ಕಂತು ಕೊಡಿ, ದುಡ್ಡಿನ ಬದಲು ಆಳು ಕೊಡಲಿ, ಮುಳ್ಳು ಕಡಿದು ಕೊಡಲಿ. ಬಡತನ ನೋಡಿ ವಾಯಿದೆ ಕೊಡುವುದು ದೊಡ್ಡತನ. ಹೊಣೆಯೇ ಇಲ್ಲ ಎನ್ನುವುದು ಬೇರೆ ಮಾತು.

ಇಷ್ಟು ಹೇಳಿ ಅರಣ್ಯ ಇಲಾಖೆಯನ್ನು ಬಿಟ್ಟರೆ ರೈತನಿಗೆ ದ್ರೋಹ ಬಗೆದಂತೆ. ಗುಡೇಕೋಟೆ ಸುತ್ತಿನ ಕಾಡನ್ನು 2013ರಲ್ಲಿ ಕರಡಿಧಾಮ ಮಾಡಿದರು. ಒಳ್ಳೆಯದೇ. ಕರ್ನಾಟಕ ಅರಣ್ಯ ಕಾಯ್ದೆ 1963ರ ಪ್ರಕಾರ ಮೀಸಲು ಕಾಡಿಗೆ ಬೆಂಕಿ ಇಡುವುದು, ಕಾಡಿಗೆ ಅಪಾಯವಾಗುವಂತೆ ಬೆಂಕಿ ಉರಿಯಬಿಡುವುದು ಅಪರಾಧ. ಅದೂ ಸರಿ. ಆದರೆ ಈ ಕಾನೂನು ಒಮ್ಮುಖ ರಸ್ತೆಯಾಗಿ ನಡೆಯುತ್ತಿದೆ. ಹೊಲದ ಬೆಂಕಿ ಕಾಡಿಗೆ ಹೋದರೆ ರೈತನ ಮೇಲೆ ಕೇಸು. ಕಾಡಿನ ಬೆಂಕಿ ಹೊಲಕ್ಕೆ ಇಳಿದರೆ ರೈತನಿಗೆ ಅರ್ಜಿ ಬರೆಯುವ ಭಾಗ್ಯ. ಕರಡಿ, ಹಂದಿ ಬೆಳೆ ತಿಂದರೆ ದಯಾತ್ಮಕ ಧನ ಕೊಡುವ ಇಲಾಖೆ, ಅದೇ ಪ್ರಾಣಿಗಳನ್ನು ತಡೆಯಲು ರೈತ ಹಾಕಿದ ಬೇಲಿ ಕಾಡಿನ ಬೆಂಕಿಗೆ ಸುಟ್ಟರೆ ನೆರೆಯವನಂತೆ ನಡೆದುಕೊಳ್ಳುವುದಿಲ್ಲ. ದಯೆ ಯಾಕೆ, ಬಾಧ್ಯತೆ ಎನ್ನಿ. ಬೆಂಕಿ ರೇಖೆ ಎಳೆಯುವುದು ಇಲಾಖೆಯ ಪ್ರತಿವರ್ಷದ ಕೆಲಸ. ಹೊಲಗಳ ಅಂಚಿಗೆ ಆ ರೇಖೆ ಎಳೆದಿರದಿದ್ದರೆ, ಬೀಳು ಹೊಲದ ಒಡೆಯನಿಗೂ ಇಲಾಖೆಗೂ ವ್ಯತ್ಯಾಸವೇನು? ವಿದ್ಯುತ್ ತಂತಿ ತಾಗಿ ಕಿಡಿ ಉದುರಿ ಹತ್ತಿದ ಬೆಂಕಿಗೂ ಇದೇ ಮಾತು. ತಂತಿಯಿಂದ ಆದ ಸಾವಿಗೆ ವಿದ್ಯುತ್ ಮಂಡಳಿಯ ಅಲಕ್ಷ್ಯ ಸಾಬೀತಾಗಬೇಕಿಲ್ಲ, ಹೊಣೆ ಅದರದೇ ಎಂದು ಸುಪ್ರೀಂ ಕೋರ್ಟು 2002ರಲ್ಲಿ ಮಧ್ಯಪ್ರದೇಶದ ಮೊಕದ್ದಮೆಯೊಂದರಲ್ಲಿ ಹೇಳಿದೆ. ಇಷ್ಟು ದೊಡ್ಡವರನ್ನು ಕೇಳುವ ಧೈರ್ಯ ಬರಬೇಕಾದರೆ ಮೊದಲು ನಮ್ಮ ನಮ್ಮ ಬದುವಿನಲ್ಲಿ ಈ ನ್ಯಾಯ ಪಾಲಿಸಿರಬೇಕು. ಪಕ್ಕದವನಿಗೆ ಒಂದು ಕಂಬ ಕೊಡದ ಊರು ಇಲಾಖೆಯಿಂದ ನೂರು ಕಂಬ ಕೇಳಿದರೆ ಯಾರು ಕೊಡುತ್ತಾರೆ?

ಕಟ್ಟೆಯವರ ಬತ್ತಳಿಕೆಯಲ್ಲಿ ಕಡೆಯದಾಗಿ ಉಳಿಯುವ ಬಾಣವೇ ಹರಿತವಾದದ್ದು: "ಊರಾಗೆ ಮುಖ ಮುಖ ನೋಡಬೇಕಪ್ಪ. ನಾಳೆ ಮದುವೆಗೆ ಕರೀಬೇಕು, ಹೆಣಕ್ಕೆ ಹೆಗಲು ಕೊಡಬೇಕು. ಒಂದು ಬೇಲಿ ಸಲುವಾಗಿ ನಂಟು ಕಳಕೊಳ್ತೀಯಾ?" ಈ ಮಾತಿನಲ್ಲಿ ಊರಿನ ಬದುಕಿನ ಸತ್ಯವಿದೆ, ಅದಕ್ಕೇ ಅದು ಅಪಾಯಕಾರಿ. ಆದರೆ ಸುಮ್ಮನಿದ್ದುದರಿಂದ ನಂಟು ಉಳಿದಿದೆಯೆ? ಬೇಲಿ ಸುಟ್ಟ ಹೊಟ್ಟೆಯುರಿ ಎಲ್ಲೂ ಹೋಗುವುದಿಲ್ಲ. ನೀರಿನ ಕಾಲುವೆಗೆ ಅಡ್ಡ ಬರುತ್ತದೆ, ಗಾಡಿದಾರಿಗೆ ಅಡ್ಡ ಬರುತ್ತದೆ, ಪಂಚಾಯ್ತಿ ಚುನಾವಣೆಗೆ ಬರುತ್ತದೆ, ಮುಂದಿನ ಬೇಸಿಗೆಯಲ್ಲಿ ಎದುರು ದಿಕ್ಕಿನ ಬೆಂಕಿಯಾಗಿಯೂ ಬರುತ್ತದೆ. ಅಲ್ಲದೆ ಈ ನಂಟಿನ ಮಾತನ್ನು ಯಾವಾಗಲೂ ಕಳೆದುಕೊಂಡವನಿಗೇ ಹೇಳುತ್ತಾರೆ, ಸುಟ್ಟವನಿಗೆ ಹೇಳುವುದಿಲ್ಲ. ಎರಡೆಕರೆಯವನ ಬೆಂಕಿ ಇಪ್ಪತ್ತೆಕರೆಯವನ ತೋಟಕ್ಕೆ ಹೋದ ದಿನ ಕಟ್ಟೆಯ ಮೇಲೆ ನಂಟಿನ ಮಾತು ಬರುವುದಿಲ್ಲ, ದಂಡದ ಮಾತು ಬರುತ್ತದೆ. ಬೆಂಕಿಗೆ ಕಣ್ಣಿಲ್ಲ ಎನ್ನುವ ತೀರ್ಪಿಗೆ ಕಣ್ಣು ಚೆನ್ನಾಗಿಯೇ ಇದೆ.

ಬೇರೆಯವರು ಏನು ಮಾಡಿದ್ದಾರೆ? ಕಾಡಿನ ಬೆಂಕಿಗೆ ಹೆಸರಾದ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1991ರಿಂದ ಎಲ್ಲೆ ಬೇಲಿಗೆಂದೇ ಒಂದು ಕಾಯ್ದೆ ಇದೆ. ನಡುವಿನ ಬೇಲಿಯ ಖರ್ಚು ಸಾಮಾನ್ಯವಾಗಿ ಇಬ್ಬರದೂ ಸಮಪಾಲು. ಒಬ್ಬನ ಅಲಕ್ಷ್ಯದಿಂದ ಅಥವಾ ಬೇಕೆಂದೇ ಮಾಡಿದ ಕೆಲಸದಿಂದ ಹಾಳಾದರೆ ಪೂರ್ತಿ ಅವನದು. ಅಲ್ಲಿಯೂ ಸರ್ಕಾರ ತನ್ನ ಜಮೀನನ್ನು ಮಾತ್ರ ಈ ಹೊಣೆಯಿಂದ ಜಾರಿಸಿಕೊಂಡಿದೆ, ಅದನ್ನು ನಾವು ಕಲಿಯಬೇಕಿಲ್ಲ. ಉಳಿದ ಎರಡು ಸಾಲಿನ ನ್ಯಾಯವನ್ನು ತರಲು ನಮಗೆ ವಿಧಾನಸೌಧ ಬೇಕಿಲ್ಲ, ಗ್ರಾಮಸಭೆ ಸಾಕು.

ಶಿವರಾತ್ರಿಗೆ ಮೊದಲಿನ ಗ್ರಾಮಸಭೆಯಲ್ಲಿ ನಾಲ್ಕು ಮಾತು ಠರಾವಾಗಲಿ. ಸುಡಲೇಬೇಕೆನ್ನುವವನು ಹಿಂದಿನ ದಿನ ಅಕ್ಕಪಕ್ಕದ ಹೊಲದವರಿಗೆ ಹೇಳಬೇಕು, ಬದುಗುಂಟ ಕುಂಟೆ ಹೊಡೆದು ಮಣ್ಣಿನ ಪಟ್ಟಿ ಬಿಡಬೇಕು, ಗಾಳಿ ಇಳಿದ ಹೊತ್ತಿನಲ್ಲಿ, ನೀರಿನ ಡ್ರಮ್ಮು ಹತ್ತಿರ ಇಟ್ಟುಕೊಂಡು ಹಚ್ಚಬೇಕು. ಬೆಂಕಿ ದಾಟಿದರೆ ಗ್ರಾಮ ಆಡಳಿತ ಅಧಿಕಾರಿ ತಡಮಾಡದೆ ಸ್ಥಳಕ್ಕೆ ಬಂದು, ಎರಡೂ ಕಡೆಯವರನ್ನು ನಿಲ್ಲಿಸಿ, ಸುಟ್ಟ ಕಂಬ ಎಣಿಸಿ ಪಂಚನಾಮೆ ಬರೆಯಬೇಕು. ಉಪಗ್ರಹ ನೋಡುತ್ತದೆ ಬಿಡಿ ಎನ್ನಬೇಡಿ. ಅರಣ್ಯ ಸರ್ವೇಕ್ಷಣ ಸಂಸ್ಥೆ ಬಳಸುವ ಉಪಗ್ರಹದ ಒಂದು ಚುಕ್ಕೆ 375 ಮೀಟರ್ ಅಗಲ. ಬೆಂಕಿ ಯಾವ ದಿನ ಬಿತ್ತೆಂದು ಅದು ಹೇಳೀತು, ಯಾರ ಬದುವಿನಿಂದ ಬಂತೆಂದು ಹೇಳಲಾರದು. ಅದನ್ನು ಹೇಳುವುದು ಮಾರನೆಯ ಬೆಳಿಗ್ಗೆಯ ಬೂದಿ ಮತ್ತು ನೋಡಿದ ನೆರೆಯವರು. ಮೂಲ ಗೊತ್ತಾದರೆ ಪೂರ್ತಿ, ಗೊತ್ತಾಗದಿದ್ದರೆ ಅರ್ಧರ್ಧ, ಮುಂಗಾರಿನ ಬಿತ್ತನೆಗೆ ಮೊದಲು ಬೇಲಿ ನಿಲ್ಲಬೇಕು. ಒಪ್ಪದವನಿದ್ದರೆ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ, ಲೋಕ ಅದಾಲತ್ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಅಲ್ಲಿ ವಕೀಲರು ಪುಕ್ಕಟೆ.

ಇದರಿಂದ ಸುಡುವುದು ನಿಲ್ಲುತ್ತದೆಯೆ ಎಂದು ಕೇಳುವವರಿಗೆ: ಒಂದು ಸಲ ಪಕ್ಕದವನ 50 ಕಂಬದ ದುಡ್ಡು ಎಣಿಸಿಕೊಟ್ಟವನು ಮರುವರ್ಷ ದಂಟನ್ನು ಸುಡುವುದಿಲ್ಲ, ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಪುಡಿ ಮಾಡಿಸಿ ಮಣ್ಣಿಗೆ ಸೇರಿಸುತ್ತಾನೆ. ಇಂದು ಅವನು ಹಾಗೆ ಮಾಡದಿರುವುದು ಅಜ್ಞಾನದಿಂದಲ್ಲ. ಬೆಂಕಿ ಅಗ್ಗ, ಯಾಕೆಂದರೆ ಅದರ ಬೆಲೆಯನ್ನು ಬೇರೊಬ್ಬ ತೆರುತ್ತಿದ್ದಾನೆ. ಮುಂದಿನ ಬೇಸಿಗೆಯಲ್ಲಿ ಕಟ್ಟೆಯ ಮೇಲೆ ಕೂತವರು "ಯಾರ ಬೇಲಿ ಸುಟ್ಟಿತು?" ಎಂಬ ಪ್ರಶ್ನೆಯನ್ನು ಬಿಟ್ಟು "ಬೆಂಕಿ ಯಾವ ಸರ್ವೇ ನಂಬರಿನಿಂದ ದಾಟಿತು?" ಎಂದು ಕೇಳಲಿ. ಆ ನಂಬರಿಗೆ ಒಂದು ಹೆಸರಿದೆ. ಬಿಲ್ಲು ಆ ಹೆಸರಿಗೆ ಹೋಗಲಿ.